ಸಮುದ್ರವಿಲ್ಲದ ಊರಲ್ಲಿ ಇಂಜಿನ್ ಗಂಟೆ

ನಮ್ಮೂರಿನ ಹೆಸರಲ್ಲೇ ಸಮುದ್ರ ಇದೆ. ದೇವರಾಯಸಮುದ್ರ. ಮುಳಬಾಗಿಲು ತಾಲ್ಲೂಕು, ಬೆಂಗಳೂರಿನಿಂದ ಚೆನ್ನೈ ಕಡೆಗೆ ಹೋಗುವ ಹೆದ್ದಾರಿ. ಹೊರಗಿನವರಿಗೆ ಊರಿನ ಹೆಸರು ಹೇಳಿದರೆ "ಓ, ಬೀಚ್ ಇದೆಯಾ?" ಅಂತ ಕೇಳಿದವರೂ ಇದ್ದಾರೆ. ಬೀಚ್ ಇಲ್ಲ ಸ್ವಾಮಿ. ಬಂಡೆಗುಡ್ಡ ಇದೆ, ಕೆರೆ ಇದೆ. ನಮ್ಮ ಕಡೆ ಕೆರೆಗೇ ಸಮುದ್ರ ಅಂತಾರೆ, ಸಾಗರ ಅಂತಾರೆ. ಹಳಬರು ಕೆರೆ ಕಟ್ಟಿಸಿ ಅಷ್ಟು ದೊಡ್ಡ ಹೆಸರಿಟ್ಟು ಹೋದರು. ನೀರು ತುಂಬಿದ ವರ್ಷ ಮೀನು ಹಿಡಿಯುವವರ ತೆಪ್ಪ ಕಾಣಬಹುದು. ಇಂಜಿನ್ ಇರುವ ದೋಣಿಯನ್ನು ಮಾತ್ರ ನಾನು ಇಪ್ಪತ್ತೆರಡು ವರ್ಷದವನಾಗುವ ತನಕ ಕಣ್ಣಾರೆ ನೋಡಿರಲಿಲ್ಲ.

ಹಾಗೆ ಮೊದಲ ಸಲ ನೋಡಿದ ದೋಣಿಯ ಇಂಜಿನ್ನಿನಿಂದ ನಮ್ಮಪ್ಪನ ಟ್ರ್ಯಾಕ್ಟರ್ ಬದುಕಿತು. ಆ ಕಥೆ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಟ್ರ್ಯಾಕ್ಟರೋ, ಟಿಲ್ಲರೋ, ಡೀಸೆಲ್ ಪಂಪೋ ಇದ್ದರೆ ಇದು ನಿಮ್ಮ ಕಥೆಯೂ ಆಗಬಹುದು.

2018ರಲ್ಲಿ ಅಪ್ಪ ಒಂದು ಹಳೇ ಟ್ರ್ಯಾಕ್ಟರ್ ಕೊಂಡರು. ಹನ್ನೆರಡು ವರ್ಷದ ಗಾಡಿ. ಹೊಸ ಬಣ್ಣ ಹೊಡೆದಿದ್ದರು, ಹಿಂದಿನ ಎರಡು ಟೈರು ಹೊಸದು. ಮೀಟರಿನಲ್ಲಿ 2,140 ಗಂಟೆ ಅಂತ ಇತ್ತು. ಬ್ರೋಕರ್ ಬೆರಳು ಮಾಡಿ ತೋರಿಸಿದ. "ನೋಡಣ್ಣ, ಹನ್ನೆರಡು ವರ್ಷಕ್ಕೆ ಎರಡೇ ಸಾವಿರ ಗಂಟೆ. ಸಾಹುಕಾರರ ಮನೆ ಗಾಡಿ, ಬಾಡಿಗೆಗೇ ಬಿಟ್ಟಿಲ್ಲ." ಗಾಡಿ ಸ್ಟಾರ್ಟ್ ಮಾಡಿದಾಗ ಮೀಟರಿನ ಮುಳ್ಳು ಅಲುಗಾಡಲಿಲ್ಲ. ಅಪ್ಪ ಕೇಳಿದರು. "ಮೊನ್ನೆ ಕೇಬಲ್ ಕಟ್ಟಾಗೈತೆ, ಅದೇನು ದೊಡ್ಡ ವಿಷಯ, ಹಾಕಿಸ್ಕೊಳ್ಳಿ" ಅಂದ. ಅಪ್ಪನಿಗೂ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ಕೇಬಲ್ ಇಲ್ಲದಿದ್ದರೂ ಗಾಡಿ ಉಳುತ್ತದಲ್ಲ.

ಮುಂದಿನ ಎರಡೂವರೆ ವರ್ಷ ಆ ಮೀಟರ್ 2,140ರಲ್ಲೇ ನಿಂತಿತ್ತು. ಗಾಡಿ ಮಾತ್ರ ನಿಲ್ಲಲಿಲ್ಲ. ಮುಂಗಾರಿಗೆ ಉಳುಮೆ, ಟೊಮ್ಯಾಟೊ ನಾಟಿಗೆ ಮುಂಚೆ ರೋಟವೇಟರ್, ಆಮೇಲೆ ಗೊಬ್ಬರ ಹೊಡೆಯೋದು, ಕೊನೆಗೆ ಕಣದಲ್ಲಿ ರಾಗಿ ತುಳಿಸೋದು. ನಮ್ಮದು ಎರಡೂಕಾಲು ಎಕರೆ, ಉಳಿದದ್ದೆಲ್ಲ ಬಾಡಿಗೆ. ಅಪ್ಪ ಇಂಜಿನ್ ಆಯಿಲ್ ಬದಲಾಯಿಸುತ್ತಿದ್ದದ್ದು ವರ್ಷಕ್ಕೊಂದು ಸಲ, ಆಯುಧಪೂಜೆ ಹಿಂದಿನ ದಿನ. ಗಾಡಿ ತೊಳೆದು, ಆಯಿಲ್ ಹಾಕಿ, ಬೆಳಿಗ್ಗೆ ಕುಂಬಳಕಾಯಿ ಒಡೆದರೆ ಆ ವರ್ಷದ ಸೇವೆ ಮುಗಿಯಿತು.

2020ರ ಡಿಸೆಂಬರಿನಲ್ಲಿ ರಾಗಿ ಕಣದಲ್ಲಿ ಗಾಡಿ ನೀಲಿ ಹೊಗೆ ಬಿಡಲು ಶುರು ಮಾಡಿತು. ಆಮೇಲೆ ಆಯಿಲ್ ಪ್ರೆಷರ್ ಲೈಟ್ ಹತ್ತಿತು. ಆಮೇಲೆ ಒಳಗಿಂದ ಟಕ್ ಟಕ್ ಅನ್ನುವ ಸದ್ದು. ಮುಳಬಾಗಿಲಿನ ಮೆಕ್ಯಾನಿಕ್ ಅಣ್ಣ ಇಂಜಿನ್ ಬಿಚ್ಚಿ, ಪಿಸ್ಟನ್ನು, ಲೈನರ್ರು, ಬೇರಿಂಗು ಒಂದೊಂದಾಗಿ ಗೋಣಿಚೀಲದ ಮೇಲೆ ಇಟ್ಟರು. "ಯಜಮಾನ್ರೇ, ಇದು ಎರಡು ಸಾವಿರ ಗಂಟೆ ಓಡಿದ ಇಂಜಿನ್ ಅಲ್ಲ. ಆರೇಳು ಸಾವಿರ ಓಡೈತೆ. ಯಾವನೋ ಕೇಬಲ್ ಕಿತ್ತು ಹಾಕಿ ವರ್ಷಾನುಗಟ್ಟಲೆ ಬಾಡಿಗೆ ಹೊಡೆದವ್ನೆ."

ಕೆಲಸ ಮುಗಿಯುವಷ್ಟರಲ್ಲಿ 68,000 ರೂಪಾಯಿ ಆಯಿತು. ಅಮ್ಮನ ಸರ ಮುಳಬಾಗಿಲಿನಲ್ಲಿ ಅಡವಿಗೆ ಹೋಯಿತು. ನನ್ನ ಕಾಲೇಜು ಫೀಸಿನ ಮಾತು ಆ ವಾರ ಮನೆಯಲ್ಲಿ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಗಾಡಿ ವಾಪಸ್ ಕೊಡುವಾಗ ಮೆಕ್ಯಾನಿಕ್ ಅಣ್ಣ ಒಂದು ಮಾತು ಹೇಳಿದರು. "ಹೊಸ ಪಿಸ್ಟನ್ ಕೂತೈತೆ. 50 ಗಂಟೆ ಓಡಿದ ಮೇಲೆ ಮೊದಲನೇ ಆಯಿಲ್ ಬದಲಾಯಿಸಿ. ಆಮೇಲೆ 250 ಗಂಟೆಗೊಂದು ಸಲ."

ಅಪ್ಪ ಕೇಳಿದರು, "50 ಗಂಟೆ ಆಯ್ತು ಅಂತ ನನಗೆ ಹೆಂಗಪ್ಪ ಗೊತ್ತಾಗೋದು?"

ಮೆಕ್ಯಾನಿಕ್ ಅಣ್ಣ ನಕ್ಕರು. ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು.

ಅದಕ್ಕೆ ಉತ್ತರ ಸಿಕ್ಕಿದ್ದು ಮಲ್ಪೆಯಲ್ಲಿ. ಪತ್ರಿಕೋದ್ಯಮ ಓದಲು ಕರಾವಳಿಗೆ ಹೋಗಿದ್ದೆ. 2022ರ ಸೆಪ್ಟೆಂಬರಿನಲ್ಲಿ ಮೀನುಗಾರಿಕೆ ಬಗ್ಗೆ ವರದಿ ಬರೆಯಿರಿ ಅಂತ ಮೇಷ್ಟ್ರು ಕಳಿಸಿದರು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ, ಕಡಲಿನ ಅಬ್ಬರವೂ ಹೆಚ್ಚು. ರಜೆ ಮುಗಿದು ಹೊಸ ಸೀಸನ್ ಶುರುವಾಗಿ ತಿಂಗಳಾಗಿತ್ತು. ಬಂದರಿನ ತುಂಬ ಬೋಟು. ಒಬ್ಬ ತಾಂಡೇಲರು, ಅಂದರೆ ಬೋಟು ನಡೆಸುವ ಹಿರಿಯರು, ನನ್ನನ್ನು ಒಳಗೆ ಕರೆದು ಚಾ ಕೊಟ್ಟರು.

"ಊರು ಯಾವುದು ಮಾರಾಯ್ರೆ?"

"ದೇವರಾಯಸಮುದ್ರ. ಕೋಲಾರ."

"ಅಲ್ಲಿ ಎಂತ ಸಮುದ್ರ ಉಂಟು?" ಅಂತ ಜೋರಾಗಿ ನಕ್ಕರು.

ಚಾಲಕರ ಕ್ಯಾಬಿನ್ನಿನಲ್ಲಿ ಮೂರ್ನಾಲ್ಕು ಪರದೆ ಇದ್ದವು. ದಾರಿ ತೋರಿಸುವ ಜಿಪಿಎಸ್ ಒಂದು, ಕೆಳಗಿನ ಆಳ ಮತ್ತು ಮೀನಿನ ಹಿಂಡು ತೋರಿಸುವುದು ಇನ್ನೊಂದು, ಬೇರೆ ಬೋಟಿನವರ ಜೊತೆ ಮಾತಾಡಲು ವೈರ್‌ಲೆಸ್. ಇವೆಲ್ಲದರ ಪಕ್ಕದಲ್ಲಿ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಒಂದು ಚಿಕ್ಕ ಡಬ್ಬಿ. ಅದರಲ್ಲಿ ಬರೀ ಅಂಕಿ. 6,482. "ಇದೇನು?" ಅಂತ ಕೇಳಿದೆ.

"ಅದು ಇಂಜಿನ್ನಿನ ವಯಸ್ಸು" ಅಂದರು.

ಆಮೇಲೆ ಬಿಡಿಸಿ ಹೇಳಿದರು. ಕಡಲಲ್ಲಿ ಕಿಲೋಮೀಟರ್ ಲೆಕ್ಕ ಇಂಜಿನ್ನಿಗೆ ಪ್ರಯೋಜನವಿಲ್ಲ. ಬಲೆ ಎಳೆಯುವಾಗ ಬೋಟು ನಿಧಾನ, ಇಂಜಿನ್ನಿಗೆ ಮಾತ್ರ ಭಾರೀ ಕೆಲಸ. ನೀರಿನ ಸೆಳೆತ ಎದುರಾದರೆ ಇಂಜಿನ್ ಪೂರ್ತಿ ಓಡುತ್ತದೆ, ಬೋಟು ಅಷ್ಟೇನೂ ಮುಂದೆ ಹೋಗಿರುವುದಿಲ್ಲ. ಹಾಗಾಗಿ ಎಷ್ಟು ದೂರ ಹೋಯಿತು ಅಂತ ನೋಡುವುದಲ್ಲ, ಎಷ್ಟು ಗಂಟೆ ತಿರುಗಿತು ಅಂತ ನೋಡಬೇಕು. ಆಳ ಸಮುದ್ರಕ್ಕೆ ಹೋಗುವ ಬೋಟು ಹತ್ತು ದಿನ ಹೊರಗಿರುತ್ತದೆ. ಹಗಲು ರಾತ್ರಿ ಇಂಜಿನ್ ಓಡಿದರೆ ಹತ್ತು ದಿನಕ್ಕೆ 240 ಗಂಟೆ.

ನಾನು ಅಲ್ಲೇ ಲೆಕ್ಕ ಹಾಕಿದೆ. ನಮ್ಮ ಮೆಕ್ಯಾನಿಕ್ ಅಣ್ಣ ಹೇಳಿದ 250 ಗಂಟೆ ಈ ಬೋಟಿಗೆ ಒಂದೇ ಟ್ರಿಪ್ಪಿನಲ್ಲಿ ಮುಗಿಯುತ್ತದೆ. ನಮ್ಮ ಗಾಡಿಗೆ ಐದು ತಿಂಗಳು ಬೇಕು. ಕ್ಯಾಲೆಂಡರ್ ನೋಡಿಕೊಂಡು ಆಯಿಲ್ ಹಾಕಿದರೆ ಎರಡು ಇಂಜಿನ್ನಿಗೂ ಅನ್ಯಾಯ. ಆಯುಧಪೂಜೆ ವರ್ಷಕ್ಕೊಮ್ಮೆ ಬರುತ್ತದೆ, ಗಾಡಿ ಆ ವರ್ಷದಲ್ಲಿ 600 ಗಂಟೆ ಓಡಿದೆಯೋ 200 ಓಡಿದೆಯೋ ಅದಕ್ಕೇನು ಗೊತ್ತು?

ತಾಂಡೇಲರು ಒಂದು ಉದ್ದನೆಯ ನೋಟ್‌ಬುಕ್ ತೆಗೆದು ತೋರಿಸಿದರು. ಮೀನಿನ ವಾಸನೆ, ಡೀಸೆಲ್ ಕಲೆ. ಒಂದೊಂದು ಟ್ರಿಪ್ಪಿಗೆ ಒಂದು ಸಾಲು. ಹೊರಟಾಗ ಎಷ್ಟು ಗಂಟೆ, ಬಂದಾಗ ಎಷ್ಟು ಗಂಟೆ, ಡೀಸೆಲ್ ಎಷ್ಟು ಲೀಟರ್, ಆಯಿಲ್ ಯಾವಾಗ. "ಡೀಸೆಲ್ಲನ್ನು ಗಂಟೆಯಿಂದ ಭಾಗಿಸಿ ನೋಡ್ತೇವೆ. ಗಂಟೆಗೆ ಡೀಸೆಲ್ ಜಾಸ್ತಿ ಕುಡಿಲಿಕ್ಕೆ ಶುರು ಮಾಡಿದ್ರೆ ಎಲ್ಲೋ ಎಂತದೋ ಆಗಿದೆ ಅಂತ ಅರ್ಥ. ಫ್ಯಾನಿಗೆ ಬಲೆ ಸುತ್ತಿರಬಹುದು, ಇಂಜೆಕ್ಟರ್ ಹೋಗಿರಬಹುದು. ದಡದಲ್ಲಿ ಗೊತ್ತಾದ್ರೆ ರಿಪೇರಿ. ನಡುಕಡಲಲ್ಲಿ ಗೊತ್ತಾದ್ರೆ ದೇವರೇ ಗತಿ." ಫ್ಯಾನ್ ಅಂದರೆ ಬೋಟಿನ ಅಡಿಯಲ್ಲಿ ನೀರು ತಳ್ಳುವ ರೆಕ್ಕೆ.

ನಮ್ಮ ಟ್ರ್ಯಾಕ್ಟರ್ ಹೊಲದಲ್ಲಿ ಕೆಟ್ಟರೆ ಅಪ್ಪ ನಡೆದು ಮನೆಗೆ ಬರುತ್ತಾರೆ. ಇವರು ಎಲ್ಲಿಗೆ ನಡೆಯುತ್ತಾರೆ? ಅದಕ್ಕೇ ಆ ಚಿಕ್ಕ ಡಬ್ಬಿಗೆ ಅಲ್ಲಿ ಅಷ್ಟು ಮರ್ಯಾದೆ.

ಈ ಗಂಟೆ ಮೀಟರ್ ಹೇಗೆ ಕೆಲಸ ಮಾಡುತ್ತದೆ ಅಂತ ಅವತ್ತಿನಿಂದ ಕೇಳುತ್ತಾ, ಓದುತ್ತಾ ಹೋದೆ. ತಿಳಿದದ್ದು ಇಷ್ಟು.

ಹಳೇ ಟ್ರ್ಯಾಕ್ಟರುಗಳಲ್ಲಿ ಇರುವುದು ಕೇಬಲ್ ಮೀಟರ್. ಇಂಜಿನ್ನಿನಿಂದ ಒಂದು ಕೇಬಲ್ ತಿರುಗುತ್ತಾ ಬಂದು ಮೀಟರಿನ ಹಲ್ಲುಚಕ್ರ ತಿರುಗಿಸುತ್ತದೆ. ಇದು ನಿಜವಾಗಿ ಗಂಟೆ ಎಣಿಸುವುದಿಲ್ಲ, ಸುತ್ತು ಎಣಿಸುತ್ತದೆ. ಉದಾಹರಣೆಗೆ, ನಿಮಿಷಕ್ಕೆ 1,500 ಸುತ್ತಿಗೆ ಹೊಂದಿಸಿದ ಮೀಟರ್ ಅಂದುಕೊಳ್ಳಿ. ಇಂಜಿನ್ 1,500ರಲ್ಲಿ ಓಡಿದರೆ ಗಡಿಯಾರದ ಒಂದು ಗಂಟೆ ಮೀಟರಿನಲ್ಲೂ ಒಂದು ಗಂಟೆ. 750ರಲ್ಲಿ ಸ್ಲೋ ಆಗಿ ಓಡಿದರೆ ಗಡಿಯಾರದಲ್ಲಿ ಒಂದು ಗಂಟೆಯಾದಾಗ ಮೀಟರಿನಲ್ಲಿ ಅರ್ಧ ಗಂಟೆ. 1,000ದಲ್ಲಿ ಓಡಿದರೆ 40 ನಿಮಿಷ. ಹೊಲದ ಬದುವಿನ ಮೇಲೆ ನಡೆಯುವ ಎಷ್ಟೋ ಜಗಳದ ಮೂಲ ಇದು. ಹೊಲದವರು ಮೀಟರ್ ನೋಡಿ "ಎರಡು ಗಂಟೆ" ಅಂತಾರೆ, ಡ್ರೈವರ್ ಮೊಬೈಲ್ ನೋಡಿ "ಮೂರು ಗಂಟೆ" ಅಂತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಎಲೆಕ್ಟ್ರಾನಿಕ್ ಮೀಟರ್ ಬೇರೆ. ಅದಕ್ಕೆ ಕರೆಂಟ್ ಸಿಕ್ಕಷ್ಟು ಹೊತ್ತು ಗಡಿಯಾರದ ಹಾಗೆ ಎಣಿಸುತ್ತದೆ, ಕರೆಂಟ್ ಹೋದರೆ ಆ ಅಂಕಿಯನ್ನು ನೆನಪಿಟ್ಟುಕೊಂಡು ನಿಲ್ಲುತ್ತದೆ. ಹಾಗಾಗಿ ಎಲ್ಲಾ ಗುಟ್ಟು ಇರುವುದು ಅದಕ್ಕೆ ಕರೆಂಟ್ ಎಲ್ಲಿಂದ ಕೊಡುತ್ತೀರಿ ಅನ್ನುವುದರಲ್ಲಿ. ಬೀಗದ ಕೈಯಿಂದ ಕೊಟ್ಟರೆ, ಕೀ ಆನ್ ಮಾಡಿ ಹಾಡು ಕೇಳುತ್ತಾ ಕೂತರೂ ಗಂಟೆ ಓಡುತ್ತದೆ. ಇಂಜಿನ್ ಓಡುವಾಗ ಮಾತ್ರ ಕರೆಂಟ್ ಬರುವ ಜಾಗದಿಂದ ಕೊಡಬೇಕು. ವೈರೇ ಬೇಡದ ಇನ್ನೊಂದು ಬಗೆಯೂ ಇದೆ. ಒಳಗೆ ಬ್ಯಾಟರಿ ಇರುವ ಡಬ್ಬಿ, ಇಂಜಿನ್ನಿನ ಅದುರು ಗುರುತಿಸಿ ಎಣಿಸುತ್ತದೆ.

ಹೊಸ ದೊಡ್ಡ ಇಂಜಿನ್ನುಗಳಲ್ಲಿ ಇದ್ಯಾವ ಕಷ್ಟವೂ ಇಲ್ಲ. ಇಂಜಿನ್ನಿಗೇ ಒಂದು ಕಂಪ್ಯೂಟರ್ ಇರುತ್ತದೆ, ಗಂಟೆಯನ್ನು ಅದೇ ಬರೆದಿಡುತ್ತದೆ. ಬೋಟಿನಲ್ಲಾದರೆ ಎನ್‌ಎಂಇಎ 2000 ಅನ್ನುವ ಒಂದು ಪದ್ಧತಿ ಇದೆ. ಇಂಜಿನ್, ಜಿಪಿಎಸ್, ಆಳ ನೋಡುವ ಯಂತ್ರ ಎಲ್ಲವೂ ಒಂದೇ ಕೇಬಲ್ಲಿನ ಮೇಲೆ ಒಂದೇ ಭಾಷೆಯಲ್ಲಿ ಮಾತಾಡುತ್ತವೆ, ಇಂಜಿನ್ ಗಂಟೆ ಜಿಪಿಎಸ್ ಪರದೆಯ ಮೇಲೆಯೇ ಕಾಣುತ್ತದೆ. ನಮ್ಮ ದೇಶದಲ್ಲಿ 2023ರ ಜನವರಿಯಿಂದ 50 ಎಚ್‌ಪಿಗಿಂತ ದೊಡ್ಡ ಟ್ರ್ಯಾಕ್ಟರುಗಳಿಗೆ ಹೊಗೆಯ ಹೊಸ ನಿಯಮ ಬಂತು, ಅದರಿಂದ ಅಂಥ ಗಾಡಿಗಳ ಇಂಜಿನ್ನಿಗೂ ಕಂಪ್ಯೂಟರ್ ಬಂತು. ಆದರೆ ನಮ್ಮ ಊರುಗಳಲ್ಲಿ ಓಡುವುದು ಹೆಚ್ಚಾಗಿ ಹಳೇ ಗಾಡಿ. ನಮ್ಮ ಸಮಸ್ಯೆ ನಾವೇ ನೋಡಿಕೊಳ್ಳಬೇಕು.

ಬೋಟಿನ ಇನ್ನೊಂದು ಯಂತ್ರದ ಜೊತೆ ಇದನ್ನು ಗೊಂದಲ ಮಾಡಿಕೊಳ್ಳಬೇಡಿ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕರಾವಳಿ ರಾಜ್ಯಗಳ ಒಂದು ಲಕ್ಷ ಮೀನುಗಾರಿಕೆ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಹಾಕುವ ಯೋಜನೆ ಶುರು ಮಾಡಿತು. ಅದು ಉಪಗ್ರಹದ ಮೂಲಕ ಬೋಟು ಎಲ್ಲಿದೆ ಅಂತ ದಡಕ್ಕೆ ಹೇಳುತ್ತದೆ, ಅಪಾಯವಾದರೆ ಸುದ್ದಿ ಕಳಿಸುತ್ತದೆ. ಬೋಟು ಎಲ್ಲಿದೆ ಅಂತ ಹೇಳುವುದು ಅದು. ಇಂಜಿನ್ ಎಷ್ಟು ದುಡಿದಿದೆ ಅಂತ ಹೇಳುವುದು ಈ ಚಿಕ್ಕ ಡಬ್ಬಿ.

2022ರ ದೀಪಾವಳಿಗೆ ಊರಿಗೆ ಬರುವಾಗ ಬ್ಯಾಗಿನಲ್ಲಿ ಅಂಥದೊಂದು ಡಬ್ಬಿ ತಂದೆ. 12 ವೋಲ್ಟಿನದು, 600 ರೂಪಾಯಿ ಚಿಲ್ಲರೆ. ಹಬ್ಬದ ಮಾರನೇ ದಿನ ನಾನೇ ಕೂರಿಸಿದೆ. ಆಯಿಲ್ ಪ್ರೆಷರ್ ಲೈಟಿನ ವೈರಿಗೆ ಜೋಡಿಸಿದೆ. ಇಂಜಿನ್ ಓಡಿದರೆ ಆಯಿಲ್ ಪ್ರೆಷರ್ ಇರುತ್ತದಲ್ಲ, ಸರಿಯಾಗಿದೆ ಅಂದುಕೊಂಡೆ. ಅಪ್ಪ ಇಂಜಿನ್ ಸ್ಟಾರ್ಟ್ ಮಾಡಿದರು. ಮೀಟರ್ ನಿಂತಿತು. ಇಂಜಿನ್ ಆಫ್ ಮಾಡಿ ಕೀ ಆನ್ ಬಿಟ್ಟರು. ಮೀಟರ್ ಓಡಲು ಶುರು!

"ಏನೋ ಇದು, ಗಾಡಿ ಮಲಗಿದಾಗ ಎಣಿಸ್ತೈತೆ?" ಅಂದರು ಅಪ್ಪ. ಅಮ್ಮ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟು ನಕ್ಕರು.

ಆಮೇಲೆ ಅರ್ಥವಾಯಿತು. ಆ ಲೈಟು ಹತ್ತುವುದು ಪ್ರೆಷರ್ ಇಲ್ಲದಾಗ. ಪ್ರೆಷರ್ ಬಂದರೆ ಸ್ವಿಚ್ಚು ಕರೆಂಟ್ ಕಡಿದು ಲೈಟು ಆರಿಸುತ್ತದೆ. ಮೀಟರಿಗೆ ಬೇಕಾದದ್ದು ಅದರ ಉಲ್ಟಾ. ಮುಳಬಾಗಿಲಿನ ಆಟೋ ಎಲೆಕ್ಟ್ರಿಷಿಯನ್ ಹತ್ತು ನಿಮಿಷದಲ್ಲಿ ಸರಿ ಮಾಡಿದರು. ಆಲ್ಟರ್ನೇಟರಿನಿಂದ ಚಾರ್ಜ್ ಲೈಟಿಗೆ ಬರುವ ವೈರಿಗೆ ಒಂದು ಫ್ಯೂಸ್ ಇಟ್ಟು ಜೋಡಿಸಿದರು. ಆಲ್ಟರ್ನೇಟರ್ ತಿರುಗಿ ಚಾರ್ಜ್ ಕೊಡಲು ಶುರು ಮಾಡಿದ ಮೇಲೆ ಮಾತ್ರ ಆ ವೈರಿನಲ್ಲಿ ಪೂರ್ತಿ 12 ವೋಲ್ಟ್ ಬರುತ್ತದೆ. ಇಂಜಿನ್ ಓಡಿದರೆ ಎಣಿಕೆ, ನಿಂತರೆ ನಿಲುಗಡೆ. ನನ್ನ ಹಾಗೆ ಪುಸ್ತಕ ಓದಿ ವೈರ್ ಹಿಡಿಯುವ ಬದಲು ಮೊದಲೇ ಅವರ ಹತ್ತಿರ ಹೋಗಿದ್ದರೆ ಮನೆಯವರಿಗೆ ನಗೋಕೆ ಒಂದು ಕಾರಣ ಕಮ್ಮಿಯಾಗುತ್ತಿತ್ತು.

ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟೆ. ದಿನ, ಮೀಟರ್, ಡೀಸೆಲ್. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು, ಅಂಕಿ ಚೆನ್ನಾಗಿ ಬರೆಯುತ್ತಾರೆ.

ನಿಜವಾದ ಪರೀಕ್ಷೆ ಬಂದದ್ದು 2023ರ ಮುಂಗಾರಿಗೆ. ಆ ಜುಲೈ ನಿಮಗೆ ನೆನಪಿರಬೇಕು. ಕೋಲಾರ ಮಂಡಿಯಲ್ಲಿ 15 ಕೆಜಿ ಟೊಮ್ಯಾಟೊ ಬಾಕ್ಸಿಗೆ 2,000 ರೂಪಾಯಿ ದಾಟಿತ್ತು. ಖಾಲಿ ಬಿಟ್ಟ ಹೊಲದವರೆಲ್ಲ ನಾಟಿಗೆ ಓಡಿ ಬಂದರು. ಅಪ್ಪನಿಗೆ ಪುರುಸೊತ್ತೇ ಇಲ್ಲ. ಆಗಸ್ಟ್ ಕೊನೆಯಲ್ಲಿ ಊರಿಗೆ ಬಂದವನು ಎರಡು ಪುಸ್ತಕ ಪಕ್ಕ ಪಕ್ಕ ಇಟ್ಟುಕೊಂಡು ಕೂತೆ. ಒಂದು ನಾನು ಕೊಟ್ಟ ಮೀಟರ್ ನೋಟ್‌ಬುಕ್, ಇನ್ನೊಂದು ಅಪ್ಪನ ಬಾಡಿಗೆ ಲೆಕ್ಕದ ಡೈರಿ. ಎರಡು ತಿಂಗಳಲ್ಲಿ ಇಂಜಿನ್ ಓಡಿದ್ದು 118 ಗಂಟೆ. ದುಡ್ಡು ಬಂದದ್ದು 96 ಗಂಟೆಗೆ.

"ಅಪ್ಪ, 22 ಗಂಟೆ ಎಲ್ಲಿ ಹೋಯ್ತು?"

ನನ್ನ ದನಿಯಲ್ಲಿ ಆಡಿಟರ್ ಕೂತಿದ್ದ ಅಂತ ಈಗ ಅನ್ನಿಸುತ್ತದೆ. ಗಂಟೆಗೆ ಮೂರೂವರೆ ಲೀಟರ್ ಅಂದರೂ 77 ಲೀಟರ್ ಡೀಸೆಲ್. ಅದನ್ನೂ ಹೇಳಿದೆ.

ಅಪ್ಪ ಬೀಡಿ ಆರಿಸಿ, ಬೆರಳು ಮಡಿಚಿ ಲೆಕ್ಕ ಕೊಟ್ಟರು. ಹೊಲದಿಂದ ಹೊಲಕ್ಕೆ ರೋಡಲ್ಲಿ ಹೋಗೋದು ಬರೋದು ಹನ್ನೊಂದು ಗಂಟೆ. ಸ್ಟಾರ್ಟರ್ ಸರಿ ಇರಲಿಲ್ಲ ಅಂತ ಗಾಡಿ ಆಫ್ ಮಾಡದೆ ನಿಲ್ಲಿಸಿದ್ದು ನಾಲ್ಕು ಗಂಟೆ. ಉಳಿದ ಏಳು ಗಂಟೆಗೆ ಬಂದಾಗ ಸ್ವಲ್ಪ ಸುಮ್ಮನಾದರು. ಗಂಡ ತೀರಿಕೊಂಡು ಒಂದು ವರ್ಷವೂ ಆಗದ ಒಬ್ಬ ಅಕ್ಕನ ಹೊಲ ನಾಲ್ಕು ಗಂಟೆ. ಮೂರು ಗಂಟೆ ದೊಡ್ಡಪ್ಪನ ಮನೆಯವರದು.

"ಅವರ ಹತ್ರ ಮೀಟರ್ ತೋರಿಸಿ ದುಡ್ಡು ಇಸ್ಕೊಳ್ಳೋಕಾಗುತ್ತಾ? ಇದಕ್ಕೇನಾ ನೀನು ಇದನ್ನ ತಂದು ಹಾಕಿದ್ದು?"

ನನಗೆ ಮಾತು ಹೊರಡಲಿಲ್ಲ. ಅವತ್ತು ರಾತ್ರಿ ಅಪ್ಪ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಮಾರನೇ ದಿನ ನೋಡಿದರೆ ಮೀಟರಿನ ಮೇಲೆ ಒಂದು ಹಳೇ ಟವೆಲ್ ತುಂಡು ಹೊದಿಸಿದ್ದರು. ಯಾರಿಗೂ ಕಾಣಬಾರದು ಅಂತ.

ಎರಡು ದಿನ ಯೋಚನೆ ಮಾಡಿದೆ. ತಪ್ಪು ನನ್ನದೇ. ಮಲ್ಪೆಯ ತಾಂಡೇಲರು ಆ ಡಬ್ಬಿಯನ್ನು ಇಂಜಿನ್ನಿನ ವಯಸ್ಸು ಅಂದಿದ್ದರು. ನಾನು ಊರಿಗೆ ತಂದು ಅದನ್ನು ಅಪ್ಪನ ಮೇಲಿನ ಕಾವಲುಗಾರ ಮಾಡಿದ್ದೆ. ಆದರೆ ಅಪ್ಪನ ಕಡೆಯೂ ಒಂದು ತಪ್ಪಿತ್ತು. ಪುಕ್ಕಟೆ ಉತ್ತ ಗಂಟೆಯನ್ನು ಅವರು ಮನಸ್ಸಿನಲ್ಲಿ ಗಂಟೆ ಅಂತಲೇ ಎಣಿಸುತ್ತಿರಲಿಲ್ಲ. ಹಿಂದೆ ಇಂಜಿನ್ ಹೋದದ್ದು ಬ್ರೋಕರ್ ಮೋಸದಿಂದ ಮಾತ್ರವಲ್ಲ. ನಮ್ಮ ಮನೆಯಲ್ಲೂ ಗಂಟೆ ಅಂದರೆ ಬಾಡಿಗೆಯ ಗಂಟೆ ಮಾತ್ರ ಆಗಿತ್ತು.

ಮೂರನೇ ದಿನ ಅಪ್ಪನ ಜೊತೆ ಹೊಲಕ್ಕೆ ಹೋದೆ. ಬದುವಿನ ಮೇಲೆ ಕೂತು ಹೇಳಿದೆ, "ಅಪ್ಪ, ಅಕ್ಕನ ಹೊಲ ಉತ್ತಿದ್ದು ಸರಿ. ಅದನ್ನ ನಾನು ಕೇಳಬಾರದಿತ್ತು. ಆದರೆ ಆ ನಾಲ್ಕು ಗಂಟೆ ಪುಕ್ಕಟೆ ಅಂತ ಇಂಜಿನ್ನಿಗೆ ಗೊತ್ತಿಲ್ಲ. ಅದಕ್ಕೆ ಎಲ್ಲಾ ಗಂಟೆಯೂ ಗಂಟೆಯೇ."

ಅಪ್ಪ ಸ್ವಲ್ಪ ಹೊತ್ತು ಹೊಲ ನೋಡುತ್ತಾ ಕೂತರು. ಆಮೇಲೆ, "ಬಾಡಿಗೆ ಬಿಡಬೌದು, ಆಯಿಲ್ ಬಿಡೋಕಾಗಲ್ಲ ಅಂತೀಯ" ಅಂದರು.

ಅವತ್ತಿನಿಂದ ನೋಟ್‌ಬುಕ್ಕಿನಲ್ಲಿ ಎರಡು ಬೇರೆ ಸಾಲು. ಇಂಜಿನ್ ಗಂಟೆ ಒಂದು, ಬಾಡಿಗೆ ಗಂಟೆ ಇನ್ನೊಂದು. ಎರಡೂ ಒಂದೇ ಆಗಬೇಕಾಗಿಲ್ಲ. ಬಾಡಿಗೆ ಗಂಟೆ ಅಪ್ಪನಿಗೂ ಹೊಲದವರಿಗೂ ಬಿಟ್ಟದ್ದು. ಕೆಲಸ ಶುರು ಮಾಡುವಾಗ ಇಬ್ಬರೂ ಮೀಟರ್ ನೋಡುತ್ತಾರೆ, ಮುಗಿದಾಗ ಇಬ್ಬರೂ ನೋಡುತ್ತಾರೆ, ರೋಡಿನ ಗಂಟೆ ಯಾರದು ಅಂತ ಮೊದಲೇ ಮಾತಾಡಿಕೊಳ್ಳುತ್ತಾರೆ. ಜಗಳ ಪೂರ್ತಿ ನಿಂತಿದೆ ಅಂತ ಹೇಳಲಾರೆ, ಕಮ್ಮಿಯಾಗಿದೆ. ಇಂಜಿನ್ ಗಂಟೆಯಲ್ಲಿ ಮಾತ್ರ ಯಾರಿಗೂ ರಿಯಾಯಿತಿ ಇಲ್ಲ. 250 ಆದರೆ ಆಯಿಲ್, ಫಿಲ್ಟರ್. ಹಬ್ಬ ಇರಲಿ, ಇಲ್ಲದಿರಲಿ. ಆಯುಧಪೂಜೆಗೆ ಕುಂಬಳಕಾಯಿ ಈಗಲೂ ಒಡೆಯುತ್ತೇವೆ, ಅದು ಬೇರೆ.

ಲಾಭ ಏನಾಯಿತು ಅಂತ ಕೇಳುತ್ತೀರಿ. ಒಂದು ಹೇಳುತ್ತೇನೆ. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಅಪ್ಪನೇ ಫೋನ್ ಮಾಡಿದರು. "ಮೂರೂವರೆ ಲೀಟರ್ ಕುಡೀತಿದ್ದದ್ದು ಈಗ ಗಂಟೆಗೆ ನಾಲ್ಕೂವರೆ ಕುಡೀತೈತೆ. ಅದೇ ಹೊಲ, ಅದೇ ರೋಟವೇಟರ್." ಬಿಚ್ಚಿ ನೋಡಿದರೆ ಏರ್ ಫಿಲ್ಟರಿನ ತುಂಬ ಧೂಳು. ಒಣ ಹೊಲದಲ್ಲಿ ಓಡಿಸಿದ್ದರ ಫಲ. ಒಂದು ಫಿಲ್ಟರಿನ ದುಡ್ಡಿನಲ್ಲಿ ಮುಗಿಯಿತು. ಗಂಟೆಯೂ ಡೀಸೆಲ್ಲೂ ಬರೆದಿಡದಿದ್ದರೆ ಅದು ಮತ್ತೆ ನೀಲಿ ಹೊಗೆ ಬರುವ ತನಕ ಗೊತ್ತಾಗುತ್ತಿರಲಿಲ್ಲ. ತಾಂಡೇಲರ ಡೀಸೆಲ್ ಭಾಗಾಕಾರ ನಮ್ಮ ಕೆಂಪುಮಣ್ಣಿನಲ್ಲೂ ಕೆಲಸ ಮಾಡಿತು.

ಇದನ್ನು ನೋಡಿ ಅಮ್ಮ "ಬೋರಿಗೂ ಒಂದು ಹಾಕೋ" ಅಂದರು. ಮೋಟಾರ್ ಸ್ಟಾರ್ಟರಿನ ಡಬ್ಬಿಗೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿದೆವು. ಅದು ಬೇರೆ ಮೀಟರ್, ಅಲ್ಲಿ ಓಡುವುದು ತ್ರೀಫೇಸ್ ಕರೆಂಟ್, ನಾವು ಕೈ ಹಾಕುವ ಜಾಗವಲ್ಲ. ಮೊದಲು ತೊಟ್ಟಿ ತುಂಬಲು ಎರಡೂವರೆ ಗಂಟೆ ಸಾಕಾಗುತ್ತಿತ್ತು. ಈ ಬೇಸಿಗೆಯಲ್ಲಿ ನಾಲ್ಕು ಗಂಟೆ. ಮೋಟಾರ್ ಅದೇ, ತೊಟ್ಟಿ ಅದೇ. ಕೆಳಗಿನ ನೀರು ಇಳಿಯುತ್ತಿದೆ. ಅಮ್ಮ ಅದನ್ನು ನೋಡಿ ಈ ಸಲ ಟೊಮ್ಯಾಟೊ ಅರ್ಧ ಎಕರೆಗೆ ಸಾಕು ಅಂದರು. ಬೋರು ಪೂರ್ತಿ ಕೈ ಕೊಟ್ಟ ಮೇಲೆ ಅಳುವುದಕ್ಕಿಂತ ಮೊದಲೇ ಗೊತ್ತಾದದ್ದು ಒಳ್ಳೆಯದಲ್ಲವೇ?

ಹಳೇ ಟ್ರ್ಯಾಕ್ಟರ್ ಕೊಳ್ಳುವವರಿಗೆ ನಾವು ದುಡ್ಡು ಕೊಟ್ಟು ಕಲಿತ ನಾಲ್ಕು ಮಾತು. ಮೀಟರ್ ಓಡದ ಗಾಡಿಯಾದರೆ ಅದರ ಅಂಕಿಯನ್ನು ನಂಬಬೇಡಿ. ಕೇಬಲ್ ಹಾಕಿಸಿ ತೋರಿಸಿ ಅಂತ ಕೇಳಿ. ಬಣ್ಣ, ಟೈರು ನೋಡಬೇಡಿ, ಕ್ಲಚ್ಚು ಬ್ರೇಕಿನ ಪೆಡಲ್ ಎಷ್ಟು ಸವೆದಿದೆ ನೋಡಿ, ಸ್ಟೀರಿಂಗ್ ಎಷ್ಟು ಆಡುತ್ತದೆ ನೋಡಿ. ಎರಡು ಸಾವಿರ ಗಂಟೆಗೆ ಪೆಡಲ್ ಕಬ್ಬಿಣ ನುಣ್ಣಗಾಗುವುದಿಲ್ಲ. ಇಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ, ಅಲ್ಲಿಂದ ಹೊಗೆ ಬುಸುಬುಸು ಅಂತ ಬಂದರೆ ಪಿಸ್ಟನ್ ಸವೆದಿದೆ ಅಂತ. ಕೊನೆಯದಾಗಿ, ಬ್ರೋಕರ್ ಅಲ್ಲದ, ನಿಮ್ಮ ನಂಬಿಕೆಯ ಒಬ್ಬ ಮೆಕ್ಯಾನಿಕ್‌ನ ಕರೆದುಕೊಂಡು ಹೋಗಿ. ಅವರ ಒಂದು ದಿನದ ಕೂಲಿ ನಮ್ಮ 68,000ಕ್ಕಿಂತ ಬಹಳ ಕಮ್ಮಿ.

ಮೀಟರ್ ಇಲ್ಲದವರು ಹೊಸದು ತರುವ ತನಕ ಕಾಯಬೇಕಾಗಿಲ್ಲ. ಇವತ್ತು ಗಾಡಿ ಯಾವಾಗ ಸ್ಟಾರ್ಟ್ ಆಯಿತು, ಯಾವಾಗ ಆಫ್ ಆಯಿತು ಅಂತ ಕ್ಯಾಲೆಂಡರಿನ ಇವತ್ತಿನ ಚೌಕದಲ್ಲಿ ಬರೆಯಿರಿ. ಬಾಡಿಗೆಯದೂ ಬರೆಯಿರಿ, ಪುಕ್ಕಟೆಯದೂ ಬರೆಯಿರಿ, ರೋಡಿನದೂ ಬರೆಯಿರಿ.

ಅಮ್ಮನ ಸರ ಕಳೆದ ವರ್ಷ ಬಿಡಿಸಿಕೊಂಡು ಬಂದೆವು. ಟವೆಲ್ ತುಂಡು ಈಗಲೂ ಮೀಟರಿನ ಮೇಲೆ ಇದೆ. ಧೂಳು ಬೀಳಬಾರದು ಅಂತ ಹಾಕಿದ್ದೀನಿ ಅಂತಾರೆ ಅಪ್ಪ. ನಿನ್ನೆ ಸಂಜೆ ಫೋನ್ ಮಾಡಿದ್ದರು. ಹೆಂಗಿದ್ದೀಯ, ಊಟ ಆಯ್ತಾ ಅಂತ ಕೇಳಿದ ಮೇಲೆ, "1,498 ಆಯ್ತು ಕಣೋ. ಶನಿವಾರ ಬರ್ತಾ ಆಯಿಲ್ ಡಬ್ಬ ತಗೊಂಡು ಬಾ" ಅಂದರು.